ಸೈಕಲ್ ಸೀಟಿಗೆ 'ವಾಟ' ಕೊಡಬಹುದಾ?

ಗೆಳೆಯರೇ,

ನಮ್ಮ ಬಡಾವಣೆಯ ಸೈಕಲ್ ಗುಂಪಿಗೆ ಸೀಟು ಹೊಂದಿಸಿಕೊಳ್ಳುವ ಬಗ್ಗೆ ಒಂದು ಪುಟ ಬರೆದುಕೊಡ್ತೀನಿ ಅಂತ ಒಪ್ಪಿಕೊಂಡು ಸಿಕ್ಕಿಹಾಕಿಕೊಂಡಿದ್ದೇನೆ. 'ಸೀಟು' ಅನ್ನೋ ಪದ ಬದಲಿಸುವ ಆಸೆ ನನಗಿಲ್ಲ. ಜೀನು, ತಡಿ, ಹಲ್ಲಣ ಎಲ್ಲ ನಮ್ಮಲ್ಲಿವೆ, ನಿಜ. ಆದರೆ 'ಹಲ್ಲಣ ಸಡಿಲಾಗಿದೆ, ಬಿಗಿ ಮಾಡಿ' ಅಂದರೆ ಪಂಚರ್ ಅಂಗಡಿಯವರು ಕುದುರೆ ಎಲ್ಲಿ ಅಂತ ಕೇಳ್ತಾರೆ. ನನ್ನ ತೊಡಕು ಹೊಂದಿಸುವ ಕೆಲಸದ ಪದಗಳದ್ದು, ಅದರಲ್ಲೂ ಸೀಟಿನ ಮೂತಿ ಮೇಲೆ ಕೆಳಗೆ ಮಾಡುವುದಕ್ಕೆ ಗಾರೆ ಕೆಲಸದವರ 'ವಾಟ' (ಇಳಿಜಾರು) ಒಪ್ಪುತ್ತಾ ಅನ್ನೋದು.

ಏರಿಸುವುದು, ಇಳಿಸುವುದು ಸಲೀಸು. ಹಿಮ್ಮಡಿಯನ್ನು ಪೆಡ್ಲಿನ ಮೇಲಿಟ್ಟಾಗ, ಪೆಡ್ಲು ತೀರಾ ಕೆಳಗೆ ಬಂದರೆ ಕಾಲು ನೆಟ್ಟಗಾಗಬೇಕು. ಆಮೇಲೆ ಮುಂಗಾಲಲ್ಲಿ ತುಳಿದರೆ ಮಂಡಿ ಕೊಂಚ ಮಡಚಿಯೇ ಇರುತ್ತದೆ. ಸೀಟು ತಗ್ಗಾದರೆ ನೋವು ಸಾಮಾನ್ಯವಾಗಿ ಮಂಡಿಯ ಮುಂದೆ. ಜಾಸ್ತಿ ಎತ್ತರವಾದರೆ ಮಂಡಿಯ ಹಿಂದೆ, ಜೊತೆಗೆ ಸೊಂಟ ಅತ್ತಿತ್ತ ಹೊಯ್ದಾಡುತ್ತದೆ.

ಸೀಟಿನಡಿಯ ಕಂಬಿಗಳ ಮೇಲೆ ಅದನ್ನು ಮುಂದಕ್ಕೆ, ಹಿಂದಕ್ಕೆ ತರುವುದಕ್ಕೆ 'ಜರುಗಿಸು' ಅಂತ ಬರೆದಿದ್ದೇನೆ. ಪೆಡ್ಲಿನ ಎರಡೂ ಕೋಲು ನೆಲಕ್ಕೆ ಸಮವಾಗಿ ನಿಂತಾಗ, ಮುಂದಿನ ಮಂಡಿಚಿಪ್ಪಿನ ಕೆಳಗಿಂದ ಇಳಿಬಿಟ್ಟ ದಾರ ಪೆಡ್ಲಿನ ನಡುವಿನ ಅಚ್ಚಿನ ಮೇಲೆ ಬರಬೇಕು ಅನ್ನೋದು ಹಳೆಯ ಲೆಕ್ಕ. ಶುರು ಮಾಡೋಕೆ ಸಾಕು, ಅದೇ ಕೊನೆಯಲ್ಲ.

ನಾನು ದಾರಕ್ಕೆ ನಟ್ಟು ಕಟ್ಟಿ ಒದ್ದಾಡ್ತಿದ್ದಾಗ, ಪಕ್ಕದ ಮನೆ ಕಟ್ಟುತ್ತಿದ್ದ ಮೇಸ್ತ್ರಿ ಬಂದರು. 'ತೂಗುಗುಂಡು ಕೊಡ್ಲಾ ಸಾರ್?' ಅಂದರು. ಆಮೇಲೆ ತಾವಾಗೇ ಸೀಟಿನ ಉದ್ದಕ್ಕೂ ರಸಮಟ್ಟ (ಒಳಗಿನ ಗಾಳಿಗುಳ್ಳೆ ನೋಡಿ ಮಟ್ಟ ತಿಳಿಯುವ ಪಟ್ಟಿ) ಇಟ್ಟು ನೋಡಿದರು. ಗುಳ್ಳೆ ಹಿಂದಕ್ಕೆ ಓಡಿತು. 'ಮುಂದಕ್ಕೆ ವಾಟ ಇದೆ ಸಾರ್. ಅದಕ್ಕೇ ಜಾರ್ತೀರ.'

ಸರಿಯಾಗೇ ಹೇಳಿದ್ದರು. ಎರಡು ವಾರದಿಂದ ನಾನು ಮುಂದಕ್ಕೆ ಜಾರಿ ಜಾರಿ, ಭಾರವೆಲ್ಲ ಕೈಗೆ ಬಿದ್ದು ಮಣಿಕಟ್ಟು ನೋಯುತ್ತಿತ್ತು.

ಈಗ ಪ್ರಶ್ನೆ. ಸೀಟಿನ ಮೂತಿ ಮೇಲೆ ಅಥವಾ ಕೆಳಗೆ ಮಾಡುವುದಕ್ಕೆ ನಾನು ಮೊದಲು 'ವಾಲಿಸು' ಅಂತ ಬರೆದಿದ್ದೆ. ಆದರೆ ವಾಲಿದ್ದು ಅಂದರೆ ಬೀಳೋ ಹಾಗಿರುವ ಗೋಡೆ, ಅಲ್ವಾ? 'ಓರೆ' ಅಂದರೆ ಮೂತಿ ಎಡಕ್ಕೋ ಬಲಕ್ಕೋ ತಿರುಗಿದೆ ಅಂತ ಆಗುತ್ತೆ. 'ಬಾಗಿಸು' ಅಂದರೆ ಸೀಟೇ ಬಗ್ಗಿಹೋಯ್ತು. 'ವಾಟ' ಮಾತ್ರ ಬೇಕಂತಲೇ, ಅಳತೆ ನೋಡಿ ಕೊಡುವ ಇಳಿಜಾರು. ಸ್ನಾನದ ಮನೆಯ ನೆಲಕ್ಕೆ ಕೊಡ್ತಾರಲ್ಲ, ಹಾಗೆ. ಸೀಟು ಮಟ್ಟಸವಾಗಿರಲಿ, ಬೇಕಿದ್ದರೆ ಮುಂದಕ್ಕೆ 2-3 ಡಿಗ್ರಿ ವಾಟ ಕೊಡಿ ಅಂದರೆ ನನಗೇನೋ ಚೆನ್ನಾಗೇ ಕೇಳುತ್ತೆ.

ಮೂತಿ ಮೇಲಾದರೆ 'ಹಿಂದಕ್ಕೆ ವಾಟ' ಅಂದರೆ ಒಪ್ಪುತ್ತಾ? ನೀರು ಹರಿಯದ ಕಡೆಗೂ ಈ ಪದ ಬಳಸಿದ್ದನ್ನು ಕೇಳಿದ್ದೀರಾ? ಧಾರವಾಡ, ಮಂಗಳೂರು ಕಡೆಯ ಗಾರೆ ಕೆಲಸದವರು ಇದಕ್ಕೆ ಏನಂತಾರೆ? ಅಲ್ಲಿಯವರು ಓದಿ 'ವಾಟ ಅಂದ್ರೇನು' ಅಂತ ಕೇಳೋ ಹಾಗಿದ್ದರೆ ಸುಮ್ನೆ 'ಇಳಿಜಾರು' ಅಂತಲೇ ಹಾಕಿಬಿಡ್ತೀನಿ. ಪುಟ ಶನಿವಾರ ಅಚ್ಚಿಗೆ ಹೋಗುತ್ತೆ.