ಮಗು ಬಂತು, ಸಾಲ ಇಲ್ಲ. ಆದರೆ ಅಮ್ಮ ಕೊಟ್ಟ ದುಡ್ಡು ವಾಪಸ್ ತಗೊಳ್ಳುತ್ತಿಲ್ಲ, ಎಂತ ಮಾಡುವುದು?

ಶಂಕರಪುರದ ಮಗಳು:

ಎಲ್ಲರಿಗೂ ನಮಸ್ಕಾರ. ಮಗಳಿಗೆ ಈಗ ಮೂರು ತಿಂಗಳು. ಬಾಣಂತನಕ್ಕೆ ಶಂಕರಪುರದ ತವರಲ್ಲಿದ್ದೇನೆ. ಸದ್ಯದಲ್ಲೇ ಉಡುಪಿಗೆ, ಗಂಡನ ಮನೆಗೆ ಹೊರಡಬೇಕು. ಅದಕ್ಕೆ ಮೊದಲು ಒಂದು ಲೆಕ್ಕ ಚುಕ್ತಾ ಆಗಬೇಕು.

ನಾರ್ಮಲ್ ಹೆರಿಗೆ ಆಗ್ತದೆ ಅಂತ ದುಡ್ಡು ಹೊಂದಿಸಿದ್ದೆವು. ಕೊನೆಗೆ ಸಿಸೇರಿಯನ್ ಆಯಿತು. ಇವರು ನನ್ನ ಬಳೆ ಅಡವಿಡಲು ಹೊರಟಿದ್ದರು. ಅಮ್ಮ ಕೇಳಲೇ ಇಲ್ಲ. ಸೊಸೈಟಿಯ ಡಿಪಾಸಿಟ್ ಮುರಿದು 60 ಸಾವಿರ ತಂದು ಕೌಂಟರಿನಲ್ಲಿ ಕಟ್ಟಿಯೇ ಬಿಟ್ಟರು. ನನಗೆ ಗೊತ್ತಾದದ್ದು ಮರುದಿನ.

ಅದೆಲ್ಲ ಮಲ್ಲಿಗೆಯ ದುಡ್ಡು. ಬಿಸಿಲು ಏರುವ ಮೊದಲು ಮೊಗ್ಗು ಕೊಯ್ದಾಗಬೇಕು. ಮತ್ತೆ ಜಗಲಿಯಲ್ಲಿ ಕೂತು ಬಾಳೆನಾರಿನಲ್ಲಿ ಕಟ್ಟುವುದು. 800 ಮೊಗ್ಗಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಮದುವೆ ಸೀಸನ್ನಿನಲ್ಲಿ ಅಟ್ಟೆಗೆ ಸಾವಿರ ದಾಟುವುದುಂಟು. ಮಳೆಗಾಲದ ಆಟಿ ತಿಂಗಳಲ್ಲಿ ಮದುವೆ ಇಲ್ಲ, ಕೇಳುವವರೂ ಇಲ್ಲ. ನಾರು ಎಳೆದೆಳೆದು ಅಮ್ಮನ ತೋರುಬೆರಳಲ್ಲಿ ಒಂದು ಗೆರೆ ಕೂತುಬಿಟ್ಟಿದೆ. ದಿನಾ ನನ್ನ ಬೆನ್ನಿಗೆ ಎಣ್ಣೆ ಹಚ್ಚುವಾಗ ಆ ಬೆರಳು ತರಿತರಿ ತಾಗುತ್ತದೆ. ಆಮೇಲೆ ಹಂಡೆಯ ಸುಡುನೀರು. ಮೆಂತೆ ಗಂಜಿ ಮುಗಿಸದಿದ್ದರೆ ಬೈಗುಳ ಬೇರೆ.

ಉಳಿದಂತೆ ನಾವು ಆರಾಮ. ಅತ್ತೆ ಮಾವನ ಹಂಚಿನ ಮನೆ, ಬಾಡಿಗೆ ಇಲ್ಲ. ತೊಟ್ಟಿಲು ಇವರು ಮಲಗಿದ್ದೇ. ಬಟ್ಟೆ ಅರ್ಧಕ್ಕರ್ಧ ನಾದಿನಿಯ ಮಗುವಿನದ್ದು. ಶಾಲೆಯಲ್ಲಿ ನನಗೆ ಸಂಬಳ ಇಲ್ಲದ ರಜೆ, ಆದರೂ ಇವರ ಸಂಬಳದಲ್ಲಿ ತಿಂಗಳು ದೂಡಬಹುದು. ಯಾಕೆಂದರೆ ಕಂತು ಅಂತ ಒಂದೂ ಇಲ್ಲ.

ಅಮ್ಮನಿಗೆ 5 ಸಾವಿರ ಕೊಟ್ಟೆ. ಮಗುವಿನ ಬಟ್ಟೆ ಚೀಲದಲ್ಲಿ ವಾಪಸ್ ಸಿಕ್ಕಿತು! ಈ ಮಧ್ಯೆ ತೊಟ್ಟಿಲಿಗೆ ಹಾಕುವ ದಿನ ಬಂದ ನೆಂಟರದ್ದು ಒಂದೇ ಮಾತು: "ಇನ್ನೂ ಬೈಕಾ? ಮಳೆಯಲ್ಲಿ ಮಗುವನ್ನು ಹೇಗೆ ಕರ್ಕೊಂಡು ಹೋಗ್ತೀರಿ? ಲೋನ್ ಮಾಡಿ ಒಂದು ಕಾರು ತಗೊಳ್ಳಿ." ಇವರ ಮನಸ್ಸೂ ಸ್ವಲ್ಪ ಆಚೀಚೆ ಆಗಿದೆ. ಅಮ್ಮನ ದುಡ್ಡು ತೀರಿಸದೆ ಕಾರಿನ ಮಾತೆತ್ತಲು ನನಗೆ ಮನಸ್ಸಿಲ್ಲ. ನೀವಾದರೆ ಎಂತ ಮಾಡುತ್ತಿದ್ದಿರಿ?

ಕದ್ರಿ ಅಕ್ಕ:

ಮೊದಲು ಕಾರು. 5 ಲಕ್ಷಕ್ಕೆ ಶೇಕಡಾ 9ರ ಬಡ್ಡಿ, 5 ವರ್ಷ ಅಂತ ಇಟ್ಟುಕೊಳ್ಳಿ. ತಿಂಗಳಿಗೆ 10,380ರ ಹತ್ತಿರ ಕಂತು. ಬಡ್ಡಿಯೇ 1.2 ಲಕ್ಷ ದಾಟುತ್ತದೆ. ಪೆಟ್ರೋಲು, ಇನ್ಶೂರೆನ್ಸು ಬೇರೆ. ಮೂರು ತಿಂಗಳ ಮಗು ಎಲ್ಲಿಗೆ ಹೋಗ್ತದೆ ಮಾರಾಯ್ರೆ? ಚುಚ್ಚುಮದ್ದಿಗೆ, ಅಜ್ಜಿ ಮನೆಗೆ. ರಿಕ್ಷಾ ಸಾಕು. ಹೇಳಿದ ನೆಂಟರು ಕಂತು ಕಟ್ಟಲು ಬರುವುದಿಲ್ಲ.

ಅಮ್ಮನ ದುಡ್ಡಿಗೆ ಒಂದು ಉಪಾಯ. ಮಗುವಿನ ಹೆಸರಲ್ಲಿ ಸುಕನ್ಯಾ ಸಮೃದ್ಧಿ (ಹೆಣ್ಣುಮಕ್ಕಳಿಗೆ ಸರ್ಕಾರದ ಉಳಿತಾಯ ಖಾತೆ) ಮಾಡಿ ಅದಕ್ಕೆ ಹಾಕಿ. ವರ್ಷಕ್ಕೆ ಕನಿಷ್ಠ 250 ಕಟ್ಟಿದರೂ ಖಾತೆ ನಡೆಯುತ್ತದೆ. ಮೊಮ್ಮಗಳಿಗೆ ಅಂದರೆ ಅಮ್ಮನೂ ಬೇಡ ಅನ್ನಲಿಕ್ಕಿಲ್ಲ.

ಪಿಗ್ಮಿಯವರ ಮಗ, ಕಾಪು:

ಅಕ್ಕ, ಕಾರಿನ ಲೆಕ್ಕ ಒಪ್ಪಿದೆ. ಸುಕನ್ಯಾ ಒಪ್ಪುವುದಿಲ್ಲ. ಅದು ಖಾತೆ ತೆರೆದು 21 ವರ್ಷಕ್ಕೆ ಪಕ್ವ ಆಗುವುದು. ಮಗುವಿಗೆ ಬೇಕಾದರೆ ಮಾಡಿ, ಒಳ್ಳೆಯದೇ. ಆದರೆ ಅಮ್ಮ ಮುರಿದದ್ದು ಅವರ ವಯಸ್ಸಾದ ಕಾಲದ ಗಂಟು. ನಾಳೆ ಮೊಣಕಾಲು ಹಿಡಿದರೆ ಮೊಮ್ಮಗಳ ಖಾತೆಯಿಂದ ತೆಗೆಯಲಿಕ್ಕೆ ಆಗ್ತದಾ?

ನನ್ನಪ್ಪ ಪಿಗ್ಮಿ ಕಲೆಕ್ಷನ್ ಮಾಡುತ್ತಿದ್ದರು. ಪಿಗ್ಮಿ ಶುರುವಾದದ್ದೇ ನಮ್ಮ ಉಡುಪಿಯಲ್ಲಿ, 1928ರಲ್ಲಿ. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಬ್ಯಾಂಕಿನವರು ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿಗೇ ಬಂದು ಸಂಗ್ರಹಿಸುತ್ತಿದ್ದರು. ಮೀನು ಮಾರುವವರು, ಹೂವಿನವರು, ಬೀಡಿ ಕಟ್ಟುವವರು ಎಲ್ಲ ಅಪ್ಪನ ಗಿರಾಕಿಗಳು. ಅಪ್ಪ ಹೇಳುವುದುಂಟು, ಈ ಅಮ್ಮಂದಿರು ಮಕ್ಕಳ ಕೈಯಿಂದ ನೋಟು ಮುಟ್ಟುವುದಿಲ್ಲ, ಪಾಸ್‌ಬುಕ್ಕಿನಲ್ಲಿ ಬಿದ್ದ ದುಡ್ಡನ್ನು ಬೇಡ ಅನ್ನುವುದೂ ಇಲ್ಲ. ಅಮ್ಮನ ಸೊಸೈಟಿಯಲ್ಲೇ ಅವರ ಹೆಸರಲ್ಲಿ ಪಿಗ್ಮಿ ಮಾಡಿಸಿ. ದಿನಕ್ಕೆ 100 ನೀವು ಕಟ್ಟಿ. ತಿಂಗಳಿಗೆ 3 ಸಾವಿರ, ಎರಡು ವರ್ಷದೊಳಗೆ 60 ಸಾವಿರ ಮುಗಿಯಿತು. ಅವರದ್ದು ಒಂದು ಸಹಿ ಸಿಕ್ಕಿದರೆ ಸಾಕು.

ಮಣಿಪಾಲದ ಟೀಚರ್:

ಎಲ್ಲರೂ ಅಮ್ಮನ ವಿಷಯ ಹೇಳಿದಿರಿ. ನನಗೆ ಕಣ್ಣಿಗೆ ಬಿದ್ದದ್ದು ಸಂಬಳ ಇಲ್ಲದ ರಜೆ. ಅದ್ಯಾಕೆ? 10 ಅಥವಾ ಹೆಚ್ಚು ಜನ ಕೆಲಸಕ್ಕಿದ್ದರೆ, ಹೆರಿಗೆಗೆ ಮೊದಲಿನ 12 ತಿಂಗಳಲ್ಲಿ ನೀವು 80 ದಿನ ಕೆಲಸ ಮಾಡಿದ್ದರೆ, ಸಂಬಳ ಸಹಿತ ರಜೆ ಕೇಳಬಹುದು. ಮೊದಲ ಎರಡು ಹೆರಿಗೆಗೆ ಅದು 26 ವಾರ, ಹೆರಿಗೆ ರಜೆ ಕಾನೂನಿನ 2017ರ ತಿದ್ದುಪಡಿಯಿಂದ. ಸುಮ್ನೆ ಬಿಡಬೇಡಿ. ಶಾಲೆಗೆ ಬರವಣಿಗೆಯಲ್ಲಿ ಕೊಡಿ, ಕಾರ್ಮಿಕ ಇಲಾಖೆಯಲ್ಲೂ ವಿಚಾರಿಸಿ. ಅದು ಬಂದರೆ ಅಮ್ಮನ ದುಡ್ಡು ಒಂದೇ ಸಲ ಮುಗಿಯಬಹುದು.

ಇನ್ನೊಂದು. ಸಾಲ ಇಲ್ಲ ಅಂತ ಕೈಯಲ್ಲಿರುವುದನ್ನೆಲ್ಲ ಕೊಟ್ಟುಬಿಡಬೇಡಿ. ಮಗುವಿಗೆ ಜ್ವರ ಬಂದ ದಿನ ಮತ್ತೆ ಅಮ್ಮನ ಹತ್ತಿರವೇ ಓಡಬೇಕಾಗ್ತದೆ. ನಿಮ್ಮ ಗಂಡನ ಆಫೀಸಿನಲ್ಲಿ ಆರೋಗ್ಯ ವಿಮೆ ಇದ್ದರೆ ಮಗುವಿನ ಹೆಸರು ಈಗಲೇ ಸೇರಿಸಿ.

ಶಂಕರಪುರದ ಮಗಳು:

ತುಂಬಾ ಥ್ಯಾಂಕ್ಸ್. ಕದ್ರಿ ಅಕ್ಕನ ಲೆಕ್ಕ ಇವರಿಗೆ ತೋರಿಸಿದೆ. ಕಾರಿನ ಸುದ್ದಿ ಸದ್ಯಕ್ಕೆ ನಿಂತಿದೆ. ಶಾಲೆಗೆ ಪತ್ರ ಬರೆಯುತ್ತೇನೆ, ಟೀಚರ್. ಇದು ನನ್ನ ತಲೆಗೇ ಹೊಳೆದಿರಲಿಲ್ಲ.

ಪಿಗ್ಮಿ ವಿಷಯ ನಿನ್ನೆ ಹೂ ಕಟ್ಟುವಾಗ ಎತ್ತಿದೆ. ಅಮ್ಮ ತಲೆ ಎತ್ತಲಿಲ್ಲ. ಚೆಂಡು ಮುಗಿಸಿದ ಮೇಲೆ ಒಂದು ಷರತ್ತು ಹಾಕಿದರು. ನಾಮಿನಿ ಮೊಮ್ಮಗಳೇ ಆಗಬೇಕು, ಇಲ್ಲದಿದ್ದರೆ ಸಹಿ ಇಲ್ಲ. ಮೂರು ತಿಂಗಳ ಮಗುವನ್ನು ನಾಮಿನಿ ಮಾಡಲಿಕ್ಕೆ ಆಗ್ತದಾ?

ಪಿಗ್ಮಿಯವರ ಮಗ, ಕಾಪು:

ಧಾರಾಳ ಆಗ್ತದೆ. ಮೈನರ್ ಅಲ್ವಾ, ಅವಳ ಪರವಾಗಿ ದುಡ್ಡು ಪಡೆಯಲು ದೊಡ್ಡವರೊಬ್ಬರ ಹೆಸರು ಫಾರ್ಮಿನಲ್ಲಿ ಬರೆಯಬೇಕು, ಅಷ್ಟೆ. ಹೋಗುವಾಗ ಜನನ ಪ್ರಮಾಣಪತ್ರ ಇಟ್ಟುಕೊಳ್ಳಿ. ಅಮ್ಮನ ಆಧಾರ್, ಪಾನ್, ಎರಡು ಫೋಟೋ ಕೂಡ.