ಸಹಾಯ ಬೇಕು: ಕರೆಂಟ್ ಕಡಿಮೆ ಎಳೆಯುವ ಟಿವಿ ಯಾವುದು?

ಎಲ್ಲರಿಗೂ ಶರಣು. ಕಲಬುರಗಿಯ ನಮ್ಮ ಮನೆಯಲ್ಲಿ ಹಳೆಯ 42 ಇಂಚಿನ ಪ್ಲಾಸ್ಮಾ ಟಿವಿ ಇದೆ. ಅವ್ವ ಮಧ್ಯಾಹ್ನದಿಂದ ರಾತ್ರಿವರೆಗೆ ಧಾರಾವಾಹಿ ನೋಡುತ್ತಾರೆ. ಅದನ್ನು ನಿಲ್ಲಿಸಿ ಅನ್ನಲು ನನಗೆ ಮನಸ್ಸಿಲ್ಲ. ಆದರೆ 250 ವ್ಯಾಟ್ ಅಂತ ಹಿಡಿದರೂ 8 ಗಂಟೆಗೆ 2 ಯುನಿಟ್, ತಿಂಗಳಿಗೆ 60. ಮೇಲೆ ಕೋಣೆಯೂ ಬಿಸಿಯಾಗುತ್ತದೆ, ನಮ್ಮ ಬೇಸಿಗೆಯಲ್ಲಿ ಇದು ಸಣ್ಣ ಕಷ್ಟವಲ್ಲ. ಕೂಲರ್ ಶುರುವಾದರೆ ಗೃಹಜ್ಯೋತಿಯ 200 ಯುನಿಟ್ ದಾಟುವ ಭಯ. ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಲ್ವಾ?

ಸೂಪರ್ ಮಾರ್ಕೆಟ್ ಕಡೆ ಅಂಗಡಿಯೊಂದರಲ್ಲಿ ಓಎಲ್‌ಇಡಿ ತಗೊಳ್ಳಿ, ಕರೆಂಟ್ ಉಳಿಯುತ್ತದೆ ಅಂದರು. ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಅದರಲ್ಲಿ ಪ್ರತಿ ಪಿಕ್ಸೆಲ್ ತಾನೇ ಬೆಳಗುತ್ತದೆ, ಕಪ್ಪು ಜಾಗ ಆರಿರುತ್ತದೆ. ಕತ್ತಲೆ ದೃಶ್ಯಕ್ಕೆ ಉಳಿತಾಯ ನಿಜ. ಧಾರಾವಾಹಿ, ನ್ಯೂಸ್ ಎಲ್ಲಾ ಝಗಮಗ ಬೆಳಕು, ಅಲ್ಲಿ ಜಾಸ್ತಿಯೇ ಎಳೆಯುತ್ತದೆ. ಎಲ್‌ಇಡಿ, ಕ್ಯೂಎಲ್‌ಇಡಿ ಎಂದು ಮಾರುವುದು ಎಲ್‌ಸಿಡಿ ಪರದೆಯೇ, ಹಿಂದೆ ಎಲ್‌ಇಡಿ ದೀಪ ಇರುತ್ತದೆ ಅಷ್ಟೆ. ನಮಗೆ 43 ಇಂಚಿನ ಸಾದಾ ಎಲ್‌ಇಡಿ ಸಾಕು ಅನ್ನಿಸುತ್ತಿದೆ.

ಬಳಸುತ್ತಿರುವವರು ದಯವಿಟ್ಟು ಹೇಳಿ. 43 ಇಂಚಿಗೆ ನಿಜವಾಗಿ ಎಷ್ಟು ವ್ಯಾಟ್ ಬರುತ್ತಿದೆ? ಬ್ರೈಟ್‌ನೆಸ್ ಇಳಿಸಿದರೆ ಎಷ್ಟು ಇಳಿಯುತ್ತದೆ? ಸ್ಟಾರ್ ಲೇಬಲ್‌ನಲ್ಲಿ ಬರೆದ ವರ್ಷದ ಯುನಿಟ್ ನಿಮ್ಮ ಮನೆಯ ಲೆಕ್ಕಕ್ಕೆ ಹೊಂದುತ್ತದೆಯಾ? ಬೇಗ ಆನ್ ಆಗುವ ಸೆಟ್ಟಿಂಗ್ ಇಟ್ಟರೆ ಸುಮ್ನೆ ನಿಂತಾಗಲೂ ಕರೆಂಟ್ ಜಾಸ್ತಿ ಹೋಗುತ್ತದಂತೆ, ಅದನ್ನು ಯಾರಾದರೂ ಅಳೆದು ನೋಡಿದ್ದೀರಾ? ಪ್ಲಗ್‌ಗೆ ಹಾಕುವ ವ್ಯಾಟ್ ಮೀಟರ್ ಕಲಬುರಗಿಯಲ್ಲಿ ಯಾರ ಬಳಿಯಾದರೂ ಇದ್ದರೆ ಒಂದು ದಿನಕ್ಕೆ ಕೊಡಿ, ನಾನೇ ಬಂದು ಒಯ್ಯುತ್ತೇನೆ.