ನೀರಿನ ಪಕ್ಕದ ಹೊಸ ಹೋಟೆಲ್‌ಗಳು: ಏಳು ಜನ, ಒಂದೇ ಸಂಜೆ, ಮೂರು ಜಾಗ. ಆಗುತ್ತಾ?

ಸಂಜೆಮಲ್ಲಿಗೆ ಕೇಳಿದ್ದು:

ದಡದ ಉದ್ದಕ್ಕೂ ಹೊಸದಾಗಿ ನಾಲ್ಕು ಹೋಟೆಲ್ ಶುರುವಾಗಿವೆ, ಎಲ್ಲವೂ ಸಮುದ್ರಕ್ಕೆ ಮುಖ ಮಾಡಿಕೊಂಡು. ಈ ಶನಿವಾರ ಮನೆಯವರೆಲ್ಲ ಹೋಗೋಣ ಅಂತ ಮಾತಾಗಿದೆ. ನಾನು, ನಮ್ಮ ಯಜಮಾನರು, ಅತ್ತೆ (ಮಂಡಿ ನೋವು, ಮೀನು ಮುಟ್ಟುವುದಿಲ್ಲ), ನಾದಿನಿ, ಅವಳ ಗಂಡ (ಸೀಗಡಿ ತಿಂದರೆ ತುಟಿ ಊದುತ್ತದೆ), 15 ವರ್ಷದ ಮಗಳು, 4 ವರ್ಷದ ಮಗ. ಒಂದು ಕಡೆ ತಿಂಡಿ, ಇನ್ನೊಂದು ಕಡೆ ಊಟ, ಮೂರನೇ ಕಡೆ ಐಸ್‌ಕ್ರೀಮ್ ಅಂತ ನನ್ನ ಲೆಕ್ಕ. ಯಜಮಾನರು ಇದು ಹುಚ್ಚು ಅಂತಾರೆ. ಹೀಗೆ ಹೋಗಿ ಬಂದವರು ಯಾರಾದರೂ ಇದ್ದರೆ ಹೇಳಿ, ಯಾವ ಹೊತ್ತಿಗೆ ಹೋದರೆ ಒಳ್ಳೆಯದು?

ಉಪ್ಪುಗಾಳಿ:

ಯಜಮಾನರ ಮಾತು ಅರ್ಧ ಸರಿ. ಮೂರು ಬೇಡ, ಎರಡು ಸಾಕು. ಏಳು ಜನ ಒಂದು ಕಡೆಯಿಂದ ಎದ್ದು ಇನ್ನೊಂದು ಕಡೆ ಕೂತುಕೊಳ್ಳುವುದಕ್ಕೇ ಅರ್ಧ ಗಂಟೆ ಬೇಕು, ಬಿಲ್ಲು, ಚಪ್ಪಲಿ, ಬಾತ್‌ರೂಮು, ಯಾರದ್ದೋ ಮರೆತ ಫೋನು ಎಲ್ಲ ಸೇರಿ.

ಹೊತ್ತಿನ ವಿಷಯಕ್ಕೆ ಬಂದರೆ, ಮೊದಲು ಉಬ್ಬರ ಇಳಿತದ ಸಮಯ ನೋಡಿಕೊಳ್ಳಿ. ಇದನ್ನು ಯಾರೂ ನೋಡುವುದಿಲ್ಲ. ನೀರು ಪೂರ್ತಿ ಇಳಿದಾಗ ಕೆಲವು ದಡಗಳಲ್ಲಿ ಕಾಣುವುದು ಬರೀ ಕೆಸರು, ಮೂಗಿಗೆ ಬರುವುದು ಕೊಳೆತ ಮೊಟ್ಟೆ ವಾಸನೆ. ಸಾಮಾನ್ಯವಾಗಿ ಉಬ್ಬರದಿಂದ ಇಳಿತಕ್ಕೆ ಸುಮಾರು 6 ಗಂಟೆ, ಆಮೇಲೆ ದಿನದಿಂದ ದಿನಕ್ಕೆ ಅದು ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಏಳು ದಿನಕ್ಕೆ ಗುಣಿಸಿ ನೋಡಿ, ಹತ್ತಿರ ಹತ್ತಿರ 6 ಗಂಟೆ ಆಯ್ತಲ್ವಾ? ಅಂದರೆ ಹೋದ ಶನಿವಾರ ಸಂಜೆ ಯಾರೋ ಹಾಕಿದ ತುಂಬಿದ ನೀರಿನ ಫೋಟೋ ನಂಬಿಕೊಂಡು ಈ ಶನಿವಾರ ಅದೇ ಹೊತ್ತಿಗೆ ಹೋದರೆ ನಿಮಗೆ ಸಿಗುವುದು ಕೆಸರೇ.

ಗಾಳಿಯದ್ದೂ ಒಂದು ಮಾತು. ಬಿಸಿಲಿಗೆ ನೆಲ ನೀರಿಗಿಂತ ಬೇಗ ಕಾಯುತ್ತದೆ, ಹಾಗಾಗಿ ಮಧ್ಯಾಹ್ನದ ಮೇಲೆ ಸಮುದ್ರದ ಕಡೆಯಿಂದ ಗಾಳಿ ಜೋರು, ಬಿಸಿಯಾಗಿ ತಂದಿಟ್ಟದ್ದು ಎರಡು ತುತ್ತಿನೊಳಗೆ ತಣ್ಣಗೆ. ಹೊತ್ತು ಮುಳುಗುವಾಗ ಈ ಗಾಳಿ ತಗ್ಗುತ್ತದೆ, ಆಗ ಊಟ ಚೆಂದ. ಆದರೆ ಗಾಳಿ ನಿಂತ ಕೂಡಲೇ ಸೊಳ್ಳೆ ಬರುತ್ತವೆ. ಮಗುವಿಗೆ ತುಂಬು ತೋಳಿನ ಅಂಗಿ ಹಾಕಿ.

ಸೌಟು_ಹಿಡಿದವ:

ಕೆಲವು ವರ್ಷ ಹೋಟೆಲ್ ಅಡುಗೆಮನೆಯಲ್ಲಿ ಕೆಲಸ ಮಾಡಿದ್ದೇನೆ, ಅದಕ್ಕೆ ಹೇಳುತ್ತಿದ್ದೇನೆ. ಹೊಸ ಹೋಟೆಲ್‌ಗೆ ಶನಿವಾರ ಹೋಗಬೇಡಿ. ಶುರುವಿನ ವಾರಗಳಲ್ಲಿ ಯಾರು ಎಲ್ಲಿ ನಿಲ್ಲಬೇಕು ಅನ್ನುವುದೇ ಒಳಗಿನವರಿಗೆ ಕೂಡಿ ಬಂದಿರುವುದಿಲ್ಲ, ಅಂಥದ್ದರಲ್ಲಿ ಏಳು ಜನರ ಟೇಬಲ್ಲಿಂದ ಹದಿನಾಲ್ಕು ಐಟಂ ಒಟ್ಟಿಗೆ ಬಂದರೆ ಮುಗೀತು. ಬುಧವಾರವೋ ಗುರುವಾರವೋ ಹೋಗಿ. ಮೆನು ಚಿಕ್ಕದಿರುವ ಕಡೆ ಕೂತುಕೊಳ್ಳಿ, ಹೊಸಬರು ಎಂಟು ಪುಟದ ಮೆನು ಇಟ್ಟರೆ ಅರ್ಧ ಫ್ರೀಜರ್‌ನಿಂದ ಬರುತ್ತದೆ ಅಂತ ತಿಳಿಯಿರಿ.

ಇನ್ನೊಂದು, ಇದು ತಮಾಷೆ ಅಲ್ಲ. ನಿಮ್ಮ ನಾದಿನಿಯ ಗಂಡನ ವಿಷಯ. "ಸೀಗಡಿ ಹಾಕಬೇಡಿ" ಅಂದರೆ ಸಾಲದು. "ಸೀಗಡಿ ಕರಿದ ಎಣ್ಣೆಯಲ್ಲೇ ಆಲೂಗಡ್ಡೆ ಕರಿಯುತ್ತೀರಾ?" ಅಂತ ಕೇಳಿ. ಎಷ್ಟೋ ಕಡೆ ಬಾಣಲೆ ಒಂದೇ. ಸೀಗಡಿಯಲ್ಲಿ ಅಲರ್ಜಿ ತರುವ ಪ್ರೊಟೀನ್ ಬಿಸಿಗೆ ಸುಲಭವಾಗಿ ಹಾಳಾಗುವಂಥದ್ದಲ್ಲ, ಕುದಿಯುವ ಎಣ್ಣೆ ಅಂತ ಧೈರ್ಯ ಮಾಡಬೇಡಿ. ನಿಮ್ಮ ಅತ್ತೆಯವರಿಗೂ ಇದೇ ಪ್ರಶ್ನೆ ಬೇಕಾಗುತ್ತದೆ, ಅವರ ಕಾರಣ ಬೇರೆ ಅಷ್ಟೇ. ಸರ್ವರ್ "ಕೇಳ್ಕೊಂಡ್ ಬರ್ತೀನಿ" ಅಂತ ಒಳಗೆ ಹೋದರೆ ಒಳ್ಳೆಯ ಲಕ್ಷಣ. ನಿಂತಲ್ಲೇ "ಏನೂ ಆಗಲ್ಲ ಮೇಡಂ" ಅಂದರೆ ಎದ್ದು ಬನ್ನಿ.

ಇಬ್ಬರಮ್ಮ:

ಎಲ್ಲರೂ ಊಟದ ಬಗ್ಗೆ ಹೇಳಿದ್ದಾರೆ, ನಾನು ನಾಲ್ಕು ವರ್ಷದವನ ಬಗ್ಗೆ. ಟೇಬಲ್ ಬುಕ್ ಮಾಡುವ ಮೊದಲು ರೇಲಿಂಗ್ ಇದೆಯಾ, ಅದರ ಸಂದು ಎಷ್ಟು ಅಂತ ಕೇಳಿ. 10 ಸೆಂಟಿಮೀಟರ್‌ಗಿಂತ ಜಾಸ್ತಿ ಇದ್ದರೆ ನಾನಾದರೆ ಒಳಗಿನ ಟೇಬಲ್ ಕೇಳುತ್ತೇನೆ. ಮುಳುಗುವ ಮಗು ಕೂಗಿ ಕರೆಯುತ್ತದೆ ಅಂತ ನಾವು ಅಂದುಕೊಂಡಿರುತ್ತೇವೆ, ಎಷ್ಟೋ ಸಲ ಸದ್ದೇ ಆಗುವುದಿಲ್ಲ. ಏಳು ಜನ ಇದ್ದರೆ ಇನ್ನೂ ಅಪಾಯ, ಪ್ರತಿಯೊಬ್ಬರೂ ಬೇರೆಯವರು ನೋಡುತ್ತಿದ್ದಾರೆ ಅಂದುಕೊಳ್ಳುತ್ತಾರೆ. ನಾವು ಕಾರಿನ ಕೀ ಕೊಡುತ್ತೇವೆ. ಕೀ ಯಾರ ಕೈಲಿದೆಯೋ ಮಗು ಅವರ ಜವಾಬ್ದಾರಿ, ಅವರು ಫೋನ್ ಮುಟ್ಟುವ ಹಾಗಿಲ್ಲ.

ಸುಮ್ನೆ_ಬಂದೆ:

ಹಕ್ಕಿಗಳ ಬಗ್ಗೆ ಯಾರೂ ಹೇಳಿಲ್ಲವಲ್ಲ! ಕಡಲಕಾಗೆ ಇರುವ ಕಡೆ ತಟ್ಟೆಯಿಂದಲೇ ಎತ್ತಿಕೊಂಡು ಹೋಗುತ್ತವೆ. 2019ರಲ್ಲಿ ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು ಒಂದು ಪೊಟ್ಟಣ ಚಿಪ್ಸ್ ಇಟ್ಟು ಪರೀಕ್ಷೆ ಮಾಡಿದ್ದರು. ದಿಟ್ಟಿಸಿ ನೋಡುತ್ತಿದ್ದರೆ ಹಕ್ಕಿ ಹತ್ತಿರ ಬರಲು ಸರಾಸರಿ 21 ಸೆಕೆಂಡ್ ಜಾಸ್ತಿ ತಗೊಂಡಿತಂತೆ. ಆದ್ದರಿಂದ ಒಬ್ಬರನ್ನು ಕಾಗೆ ದಿಟ್ಟಿಸುವುದಕ್ಕೇ ಕೂರಿಸಿ. ಅತ್ತೆಯವರು ಸರಿಹೋಗಬಹುದು 😄

ಸಂಜೆಮಲ್ಲಿಗೆ:

ಹೋಗಿ ಬಂದೆವು! ಶನಿವಾರ ಬಿಟ್ಟು ಗುರುವಾರ, ಎರಡೇ ಜಾಗ. ಯಜಮಾನರು ಇನ್ನೂ ಬೀಗುತ್ತಿದ್ದಾರೆ.

ಮೊದಲನೇ ಕಡೆ ಎಣ್ಣೆ ಪ್ರಶ್ನೆ ಕೇಳಿದ್ದಕ್ಕೆ ಹುಡುಗ ನಿಂತಲ್ಲೇ "ಏನೂ ಆಗಲ್ಲ" ಅಂದ, ಥೇಟ್ ಅದೇ ಮಾತು. ಬರೀ ಜ್ಯೂಸ್ ಕುಡಿದು ಎದ್ದೆವು. ಎರಡನೇ ಕಡೆ ಅಡುಗೆಯವರೇ ಹೊರಗೆ ಬಂದು ಬೇರೆ ಬಾಣಲೆ ಇಡುತ್ತೇವೆ, ಇಪ್ಪತ್ತು ನಿಮಿಷ ಆಗುತ್ತದೆ ಅಂದರು. ಕಾದೆವು. ನೀರು ತುಂಬಿತ್ತು, ಹಲಗೆಯ ಕೆಳಗೆ ಅಲೆ ತಾಗುವ ಸದ್ದು ಕಾಲಿಗೇ ತಿಳಿಯುತ್ತಿತ್ತು.

ಒಂದೇ ಎಡವಟ್ಟು, ನೀವ್ಯಾರೂ ಹೇಳದೇ ಇದ್ದದ್ದು. ಅತ್ತೆಯವರ ಕುರ್ಚಿಯ ಕಾಲು ಎರಡು ಹಲಗೆಗಳ ನಡುವಿನ ಸಂದಿಗೆ ಇಳಿಯಿತು, ಅವರು ಪಕ್ಕಕ್ಕೆ ವಾಲಿದರು, ನಾದಿನಿ ತೋಳು ಹಿಡಿದಳು. ಏನೂ ಆಗಲಿಲ್ಲ. ಆಮೇಲೆ ಅವರನ್ನು ಗೋಡೆ ಪಕ್ಕದ ಸಿಮೆಂಟಿನ ಮೇಲೆ ಕೂರಿಸಿದೆವು. ಅಲ್ಲಿಂದ ಸಮುದ್ರ ಕಾಣುವುದಿಲ್ಲ, ಅವರಿಗೆ ಅದರ ಚಿಂತೆಯೂ ಇರಲಿಲ್ಲ. ಎಲ್ಲ ಮುಗಿಯುವವರೆಗೂ ಕಾರಿನ ಕೀ ಅವರ ಮುಷ್ಟಿಯಲ್ಲೇ ಇತ್ತು, ಬೇರೆಯವರು ಕೇಳಿದರೂ ಕೊಡಲಿಲ್ಲ.

ಸುಮ್ನೆ_ಬಂದೆ:

ಮತ್ತೆ ಕಾಗೆ?

ಸಂಜೆಮಲ್ಲಿಗೆ:

ಬಂದಿತ್ತು. ಮಗಳು ಫೋಟೋ ತೆಗೆಯುತ್ತಾ ಇದ್ದಾಗ ಅವಳ ತಟ್ಟೆಯಿಂದಲೇ ಹೋಯಿತು. ಫೋಟೋ ಚೆನ್ನಾಗಿ ಬಂದಿದೆ.